ಕೇಬಲ್ ಕಾರಿನ ಹಗ್ಗ ಜೋಲು ಬೀಳುವುದು ಯಾಕೆ?

ಗುಜರಾತಿನ ಗಿರ್ನಾರ್ ಬೆಟ್ಟಕ್ಕೆ 2020ರ ಅಕ್ಟೋಬರಿನಲ್ಲಿ ರೋಪ್‌ವೇ ಬಂತು. ಸಾವಿರಾರು ಮೆಟ್ಟಿಲು ಹತ್ತಬೇಕಾದ ಜಾಗ ಅದು. ಈಗ ಮಂಡಿ ನೋವಿನ ಅಜ್ಜ ಅಜ್ಜಿಯರೂ ಅಂಬಾಜಿ ದೇವಸ್ಥಾನದವರೆಗೆ ಕೂತುಕೊಂಡೇ ಹೋಗಿ ಬರುತ್ತಾರೆ. ಇಂಥ ಕಡೆ ಹೋದಾಗ ಕಣ್ಣಿಗೆ ಬೀಳುವುದು ಹಗ್ಗದ ಜೋಲು. ಒಂದು ಕಂಬದಿಂದ ಇನ್ನೊಂದು ಕಂಬದ ನಡುವೆ ಅದು ಕೆಳಗೆ ಬಾಗಿರುತ್ತದೆ. ಇಷ್ಟು ಜನರನ್ನು ಹೊರುವ ಹಗ್ಗವನ್ನು ಸರಿಯಾಗಿ ಬಿಗಿದು ಕಟ್ಟಬಾರದಿತ್ತಾ ಎಂದು ಅನಿಸುವುದು ಸಹಜ.

ಬಿಗಿದು ಕಟ್ಟಿದರೇ ಅಪಾಯ. ಇದು ಶಿರಸಿ ಸಿದ್ದಾಪುರದ ತೋಟದವರಿಗೆ ಕೈ ಅನುಭವದಿಂದಲೇ ಗೊತ್ತಿರುವ ವಿಷಯ. ಅಡಿಕೆ ಕೊಯ್ಲಿನಲ್ಲಿ ಮರ ಹತ್ತುವ ಕೊನೆಗೌಡ ತುದಿಯಿಂದ ಅಡಿಕೆ ಗೊನೆಯನ್ನು ಹಗ್ಗದ ಮೇಲೆ ಜಾರಿಸಿ ಬಿಡುತ್ತಾನೆ. ಕೆಳಗೆ ಒಬ್ಬರು ಹಗ್ಗದ ತುದಿ ಹಿಡಿದು ನಿಂತಿರುತ್ತಾರೆ. ಗೊನೆ ಅರ್ಧ ದಾರಿಗೆ ಬಂದಾಗ ಹಗ್ಗ ಬಾಗುತ್ತದೆ. ಆಗ ಹಟ ಹಿಡಿದು ನೇರ ಮಾಡಲು ಹೋದರೆ ಅಂಗೈ ಉರಿಯುತ್ತದೆ. ಸ್ವಲ್ಪ ಸಡಿಲ ಬಿಟ್ಟರೆ ಆರಾಮ.

ಇದರ ಲೆಕ್ಕ ಸುಲಭ. 20 ಮೀಟರ್ ದೂರದ ಎರಡು ಮರಗಳ ನಡುವೆ, ಒಂದೇ ಎತ್ತರದಲ್ಲಿ ಹಗ್ಗ ಕಟ್ಟಿ ಸರಿ ಮಧ್ಯಕ್ಕೆ 10 ಕಿಲೋ ಭಾರ ತೂಗುಹಾಕಿ. ಹಗ್ಗ 1 ಮೀಟರ್ ಬಾಗಿದರೆ ಅದರ ಮೇಲಿನ ಎಳೆತ ಸುಮಾರು 50 ಕಿಲೋ ತೂಕದಷ್ಟು. ಅರ್ಧ ಮೀಟರ್ ಮಾತ್ರ ಬಾಗಿದರೆ 100 ಕಿಲೋ. ಬಿಗಿದು ಬಿಗಿದು ಜೋಲನ್ನು 10 ಸೆಂಟಿಮೀಟರಿಗೆ ಇಳಿಸಿದರೆ 500 ಕಿಲೋ! ಭಾರ ಮಾತ್ರ ಅದೇ 10 ಕಿಲೋ. ಯಾಕೆಂದರೆ ಭಾರವನ್ನು ಮೇಲಕ್ಕೆ ಎತ್ತಿ ಹಿಡಿಯುವುದು ಹಗ್ಗದ ಓರೆ. ಓರೆ ಕಡಿಮೆಯಾದಷ್ಟೂ ಅದೇ ಭಾರ ಎತ್ತಲು ಹಗ್ಗ ಜಾಸ್ತಿ ಸೆಣಸಬೇಕು. ಪೂರ್ತಿ ನೇರವಾದ ಹಗ್ಗ ಒಂದು ಗುಬ್ಬಚ್ಚಿಯನ್ನೂ ಹೊರಲಾರದು. ಗುಬ್ಬಚ್ಚಿ ಕೂತ ಕ್ಷಣ ಒಂದೋ ಅದು ಬಾಗಬೇಕು, ಇಲ್ಲ ಹರಿಯಬೇಕು.

ಹಾಗಂತ ಎಷ್ಟು ಬೇಕಾದರೂ ಜೋಲು ಬಿಡುವಂತಿಲ್ಲ. ಮರಗಿಡಕ್ಕೆ ತಾಗಬಾರದು, ಕಂಬದ ಹತ್ತಿರ ಏರು ತೀರಾ ಕಡಿದಾಗಬಾರದು. ಜೊತೆಗೆ ಬಿಸಿಲಿನ ಕಾಟ ಬೇರೆ. 1 ಕಿಲೋಮೀಟರ್ ಉಕ್ಕಿನ ಹಗ್ಗ 15 ಡಿಗ್ರಿ ಬಿಸಿಯಾದರೆ ಸುಮಾರು 18 ಸೆಂಟಿಮೀಟರ್ ಉದ್ದವಾಗುತ್ತದೆ. ಜೋಲು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿಯಾಗುತ್ತದೆ. ಅದಕ್ಕೇ ಅನೇಕ ಕಡೆ ಹಗ್ಗದ ಒಂದು ತುದಿಗೆ ದೊಡ್ಡ ಕಾಂಕ್ರೀಟ್ ಭಾರ ತೂಗುಬಿಟ್ಟಿರುತ್ತಾರೆ. ಹಗ್ಗ ಉದ್ದವಾದರೆ ಭಾರ ಕೆಳಗಿಳಿಯುತ್ತದೆ, ಗಿಡ್ಡವಾದರೆ ಮೇಲೇರುತ್ತದೆ. ಎಳೆತ ಮಾತ್ರ ಅಷ್ಟೇ ಇರುತ್ತದೆ. ಈಗ ಈ ಕೆಲಸಕ್ಕೆ ಹೈಡ್ರಾಲಿಕ್ ಸಿಲಿಂಡರುಗಳನ್ನೂ ಬಳಸುತ್ತಾರೆ.

ಹಗ್ಗ ತುಂಡಾದರೆ? ಈ ಹೆದರಿಕೆ ಗಣಿಗಳಲ್ಲಿ ಮೊದಲಿನಿಂದಲೂ ಇತ್ತು. ಅಲ್ಲಿ ಕಬ್ಬಿಣದ ಸರಪಳಿ ಬಳಸುತ್ತಿದ್ದರು. ಒಂದು ಕೊಂಡಿ ಹೋದರೆ ಮುಗೀತು, ಎಲ್ಲವೂ ಹೋದಂತೆ. 1834ರಲ್ಲಿ ಜರ್ಮನಿಯ ಹಾರ್ಜ್ ಗಣಿ ಪ್ರದೇಶದಲ್ಲಿ ವಿಲ್‌ಹೆಲ್ಮ್ ಆಲ್ಬರ್ಟ್ ತಂತಿಗಳನ್ನು ಹೊಸೆದು ಹಗ್ಗ ಮಾಡಿದರು. ಇದರ ಚೆಂದ ನೋಡಿ: ಒಂದು ತಂತಿ ಕಡಿದರೂ ಪಕ್ಕದ ತಂತಿಗಳು ಅದನ್ನು ಅದುಮಿ ಹಿಡಿದಿರುತ್ತವೆ. ಕಡಿದ ಜಾಗದಿಂದ ಸ್ವಲ್ಪ ದೂರ ಹೋದರೆ ಅದೇ ತಂತಿ ಮತ್ತೆ ತನ್ನ ಪಾಲಿನ ಭಾರ ಹೊರುತ್ತಿರುತ್ತದೆ. ಗೊಂಡೋಲದಲ್ಲಿ, ಅಂದರೆ ಸುತ್ತುತ್ತಲೇ ಇರುವ ಹಗ್ಗಕ್ಕೆ ಡಬ್ಬಿಗಳು ಜೋತು ಹೋಗುವ ರೋಪ್‌ವೇಯಲ್ಲಿ, ಹಗ್ಗದ ಎರಡು ತುದಿ ಸೇರಿಸುವುದೂ ಹೀಗೇ. ಗಂಟು ಇಲ್ಲ, ಬೆಸುಗೆ ಇಲ್ಲ. ಹಗ್ಗದ ದಪ್ಪದ ಸಾವಿರ ಪಟ್ಟಿಗೂ ಜಾಸ್ತಿ ಉದ್ದಕ್ಕೆ, ಅಂದರೆ 40 ಮಿಲಿಮೀಟರ್ ಹಗ್ಗವಾದರೆ 40 ಮೀಟರಿಗೂ ಮಿಕ್ಕಿ, ಎರಡೂ ತುದಿಯ ಎಳೆಗಳನ್ನು ಒಂದರೊಳಗೊಂದು ಹೆಣೆಯುತ್ತಾರೆ. ಬರೀ ತಿಕ್ಕಾಟದ ಬಲದಲ್ಲಿ ಅದು ನಿಲ್ಲುತ್ತದೆ. ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಒಳಗೆ ಕಣ್ಣಿಗೆ ಕಾಣದ ತಂತಿ ತುಂಡಾಗಿದ್ದರೆ ಅದನ್ನು ಆಯಸ್ಕಾಂತದಿಂದ ಪತ್ತೆ ಮಾಡುತ್ತಾರೆ. ಹಗ್ಗಕ್ಕೆ ಕಾಂತತ್ವ ಕೊಟ್ಟು ನೋಡಿದರೆ, ತುಂಡಾದ ಕಡೆ ಕಾಂತಕ್ಷೇತ್ರ ಹೊರಗೆ ಸೋರುತ್ತದೆ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಟೇಬಲ್ ಮೌಂಟನ್‌ಗೆ 1929ರಿಂದ ಕೇಬಲ್ ಕಾರಿದೆ. ಈಗಿರುವ ದುಂಡನೆಯ ಡಬ್ಬಿಗಳು 1997ರವು. ಒಂದರಲ್ಲಿ 65 ಜನ ನಿಲ್ಲಬಹುದು. ದಾರಿಯಲ್ಲಿ ನೆಲವೇ ನಿಧಾನವಾಗಿ ತಿರುಗುವುದರಿಂದ ಕಿಟಕಿಗಾಗಿ ನೂಕಾಡಬೇಕಿಲ್ಲ. ಒಂದು ಡಬ್ಬಿ ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ. ಒಂದರ ಭಾರ ಇನ್ನೊಂದನ್ನು ಎಳೆಯುವುದರಿಂದ ಮೋಟಾರು ಮುಖ್ಯವಾಗಿ ಎರಡರ ತೂಕದ ವ್ಯತ್ಯಾಸವನ್ನು ಎತ್ತಿದರೆ ಸಾಕು. ಆದರೆ ಸಮುದ್ರದ ಗಾಳಿ ಜೋರಾದ ದಿನ ಎಲ್ಲವೂ ಬಂದ್.

ನಮ್ಮ ಉತ್ತರ ಕನ್ನಡದಲ್ಲಿ ರೋಪ್‌ವೇ ಕಟ್ಟುವುದಾದರೂ ಗಾಳಿಯೇ ಮೊದಲ ಪ್ರಶ್ನೆ. ಯಲ್ಲಾಪುರದ ಜೇನುಕಲ್ಲು ಗುಡ್ಡದ ತುದಿಯಲ್ಲಿ ಬೇಡ್ತಿ ಕಣಿವೆಯ ಕಡೆ ಮುಖ ಮಾಡಿ ನಿಂತವರಿಗೆ ಅಲ್ಲಿನ ಗಾಳಿ ಗೊತ್ತು. ಕಾರವಾರದ ಹತ್ತಿರವಾದರೆ ಉಪ್ಪಿನ ಗಾಳಿಯೂ ಸೇರುತ್ತದೆ. ಇದಕ್ಕೆ ತಂತಿಗಳ ಮೇಲೆ ಸತುವಿನ ಲೇಪ ಬೇಕು. ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಮಣ್ಣಿನದು. ಇಲ್ಲಿನ ಎಷ್ಟೋ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಶೇಡಿ ಮಣ್ಣು, ಅಂದರೆ ನೀರು ಸೇರಿದರೆ ಮೆತ್ತಗಾಗುವ ಜೇಡಿ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ನೀರು ಕುಡಿದ ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಏನಾಗಬಹುದು ಎಂದು 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನೋಡಿದ್ದೇವೆ. ರಸ್ತೆ ಮಾಡಲು ಗುಡ್ಡವನ್ನು ಉದ್ದಕ್ಕೂ ಕಡಿಯಬೇಕು. ರೋಪ್‌ವೇಗೆ ಎರಡು ನಿಲ್ದಾಣ, ನಡುವೆ ಕೆಲವು ಕಂಬಗಳಿಗಷ್ಟೇ ಜಾಗ ಸಾಕು. ಈ ಕಾರಣಕ್ಕೇ ನನಗೆ ರೋಪ್‌ವೇ ಇಷ್ಟ. ಆದರೆ ಹಗ್ಗದ ಎಳೆತವೆಲ್ಲ ಕೊನೆಗೆ ಹೋಗಿ ಸೇರುವುದು ಆ ಕಂಬ, ನಿಲ್ದಾಣಗಳ ಅಡಿಪಾಯಕ್ಕೇ. ಶೇಡಿ ಮಣ್ಣಿನ ಮೇಲೆ ಅದನ್ನು ಕೂರಿಸುವಂತಿಲ್ಲ, ಕೆಳಗಿನ ಗಟ್ಟಿ ಬಂಡೆಯವರೆಗೆ ಇಳಿಸಬೇಕು. ಬಂಡೆ ಎಷ್ಟು ಆಳದಲ್ಲಿದೆ ಎಂದು ಪ್ರತಿ ಕಂಬದ ಜಾಗದಲ್ಲೂ ಕೊರೆದು ನೋಡಬೇಕು. ಮಳೆಗಾಲದಲ್ಲಿ ಗುಡ್ಡದೊಳಗಿನ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಅಳೆಯಬೇಕು. ಈ ಅಳತೆ ಬೇಸಿಗೆಯಲ್ಲಿ ಸಿಗುವುದಿಲ್ಲ. ಕನಿಷ್ಠ ಒಂದು ಪೂರ್ತಿ ಮಳೆಗಾಲ ಕಾಯಲೇಬೇಕು.