ಗುಮ್ಮಟದ ಮೇಲೆ ಡೆಕಾಲ್: ಮೊದಲು ಬ್ಲೇಡ್, ಆಮೇಲೆ ಬಾಟಲಿ

ಮಿನಿಯೇಚರ್‌ಗೆ ಬಣ್ಣ ಹಚ್ಚುವುದರಲ್ಲಿ ಚೆನ್ನಾಗಿ ಕೈ ಪಳಗಿದವರೂ ಡೆಕಾಲ್ (ತೆಳು ಪಾರದರ್ಶಕ ಫಿಲ್ಮಿನ ಮೇಲೆ ಅಚ್ಚಾದ, ನೀರಿನಲ್ಲಿ ನೆನೆಸಿ ಮಾಡೆಲ್ ಮೇಲೆ ಜಾರಿಸಿ ಕೂರಿಸುವ ಚಿತ್ರ) ಹಂತಕ್ಕೆ ಬಂದಾಗ ಕೇಳುವ ಪ್ರಶ್ನೆ ಒಂದೇ: 'ಯಾವ ಸಾಫ್ಟ್‌ನರ್ ತಗೊಳ್ಳಲಿ?' ಸಾಫ್ಟ್‌ನರ್ ಅಂದರೆ ಆ ಫಿಲ್ಮನ್ನು ಮೆತ್ತಗೆ ಮಾಡುವ ದ್ರಾವಣ. ಮೈಕ್ರೋ ಸಾಲ್ ಎಂಬ ಸಾಫ್ಟ್‌ನರ್ ಸಾಕಾಗುತ್ತದೆಯೇ, ಅದಕ್ಕಿಂತ ಸ್ಟ್ರಾಂಗ್ ಯಾವುದು, ಎಷ್ಟು ಸಲ ಹಚ್ಚಬೇಕು ಎಂದು ಮಾತೆಲ್ಲ ಬಾಟಲಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಮಿಷನ್ ಮೇಲೆ ಮಾಡೆಲ್ ಮಾಡಿಕೊಡುವುದು ನನ್ನ ಕಸುಬು. ಸುಕ್ಕುಗಟ್ಟಿದ ಡೆಕಾಲ್ ಸರಿಮಾಡಿಕೊಡಿ ಎಂದು ಬರುವ ಮಾಡೆಲ್‌ಗಳಲ್ಲಿ ನಾನು ಹೆಚ್ಚಾಗಿ ನೋಡುವುದು ದ್ರಾವಣದ ದೋಷವನ್ನಲ್ಲ. ಎಲ್ಲಿ ಸೀಳಬೇಕೆಂದು ಯೋಚಿಸದೆ ಡೆಕಾಲನ್ನು ನೀರಿಗೆ ಹಾಕಿಬಿಟ್ಟಿರುತ್ತಾರೆ.

ಬಾಗಿದ ಮೇಲ್ಮೈಗಳೆಲ್ಲ ಒಂದೇ ಜಾತಿಯವಲ್ಲ. ಮಿಗ್-21 ಯುದ್ಧವಿಮಾನದ ಒಡಲು ಹೆಚ್ಚುಕಮ್ಮಿ ಕೊಳವೆ. ಅದು ಒಂದೇ ದಿಕ್ಕಿಗೆ ಬಾಗಿರುವುದರಿಂದ ಅಲ್ಲಿ ವಾಯುಪಡೆಯ ರೌಂಡೆಲ್ (ದುಂಡನೆಯ ಗುರುತು) ಯಾವ ತಕರಾರೂ ಇಲ್ಲದೆ ಸುತ್ತಿಕೊಳ್ಳುತ್ತದೆ. ಹೆಲ್ಮೆಟ್, ಭುಜದ ಕವಚ, ವಿಮಾನದ ಮೂತಿ, ರೆಕ್ಕೆಯಡಿ ತೂಗುವ ಇಂಧನದ ಡ್ರಾಪ್ ಟ್ಯಾಂಕಿನ ತುದಿ ಇವೆಲ್ಲ ಎರಡೂ ದಿಕ್ಕಿಗೆ ಬಾಗಿದವು. ಬಾಳೆಎಲೆಯನ್ನು ಕೊಳವೆಯಂತೆ ಸುತ್ತಬಹುದು, ಬೋಗುಣಿಯ ಬೆನ್ನಿಗೆ ಹೊದಿಸಲು ಹೋದರೆ ಒಂದೋ ಮಡಿಕೆ ಬೀಳುತ್ತದೆ, ಇಲ್ಲವೇ ಅಂಚು ಸೀಳುತ್ತದೆ. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ, ಕುಗ್ಗಿಸದೆ ಗೋಳದ ಮೇಲೆ ಕೂರಿಸಲಾಗದು ಎಂಬುದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಸಾಧಿಸಿ ತೋರಿಸಿದ ಪ್ರಮೇಯದಿಂದಲೇ ಸಿದ್ಧವಾಗುತ್ತದೆ. ಸಾಫ್ಟ್‌ನರ್ ಫಿಲ್ಮನ್ನು ಒಂದಿಷ್ಟು ಹಿಗ್ಗಿಸಿ ಕುಗ್ಗಿಸಿ ಕೊಡುತ್ತದೆ, ಅಷ್ಟೇ. ಉಳಿದದ್ದು ನಮ್ಮ ಪಾಲಿನ ಕೆಲಸ.

ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ನೋಡೋಣ. 8 ಮಿ.ಮೀ. ತ್ರಿಜ್ಯದ ಗುಮ್ಮಟದ ಮೇಲೆ 10 ಮಿ.ಮೀ. ವ್ಯಾಸದ ದುಂಡನೆಯ ಡೆಕಾಲ್ ಇಡುತ್ತೀರಿ ಅನ್ನಿ. ಹಾಳೆಯ ಮೇಲಿದ್ದಾಗ ಅದರ ಅಂಚಿನ ಸುತ್ತಳತೆ 31.4 ಮಿ.ಮೀ. ಗುಮ್ಮಟದ ಮೇಲೆ ಅದೇ ಅಂಚಿಗೆ ಇರುವ ಜಾಗ ಸುಮಾರು 29.4 ಮಿ.ಮೀ. ಮಾತ್ರ. ಮಿಕ್ಕ 2 ಮಿ.ಮೀ. ಎಲ್ಲಿಗೂ ಹೋಗುವುದಿಲ್ಲ, ಸುಕ್ಕಾಗಿ ಎದ್ದು ನಿಲ್ಲುತ್ತದೆ. ಈಗ ಚಿತ್ರದ ಸುತ್ತಲಿನ ಖಾಲಿ ಫಿಲ್ಮನ್ನು ಒಂದೇ ಒಂದು ಮಿಲಿಮೀಟರ್ ಒಳಕ್ಕೆ ಕತ್ತರಿಸಿ, ಡೆಕಾಲ್ 8 ಮಿ.ಮೀ.ಗೆ ಇಳಿಯಲಿ. ಮಿಗುವುದು ಬರೀ 1 ಮಿ.ಮೀ., ಅಂದರೆ ಅರ್ಧಕ್ಕರ್ಧ! 5 ಮಿ.ಮೀ.ಗೆ ಇಳಿಸಿದರೆ ಮಿಗುವುದು ಕಾಲು ಮಿಲಿಮೀಟರ್, ಅದನ್ನು ಸಾಫ್ಟ್‌ನರ್ ಒಂದೇ ಕೋಟ್‌ನಲ್ಲಿ ನುಂಗಿಬಿಡುತ್ತದೆ. ಅಂಚಿನ ಪಾರದರ್ಶಕ ಫಿಲ್ಮನ್ನು ಚಿತ್ರಕ್ಕೆ ತಾಗುವಷ್ಟು ಹತ್ತಿರಕ್ಕೆ ಕತ್ತರಿಸಿ ಎಂದು ನಾನು ಪಟ್ಟು ಹಿಡಿಯುವುದು ಅಂದಕ್ಕಾಗಿ ಮಾತ್ರವಲ್ಲ. ತೊಂದರೆಯ ದೊಡ್ಡ ಪಾಲು ಇರುವುದೇ ಆ ಅಂಚಿನಲ್ಲಿ. ಆಮೇಲೂ ಮಿಗುವುದಕ್ಕೆ ಸೀಳು ಬೇಕು: ಅದರ ಎರಡು ಬದಿಗಳು ಒಂದರ ಮೇಲೊಂದು ತುಸು ಹತ್ತಿ ಕೂತರೆ ಸುಕ್ಕೇಳುವುದಿಲ್ಲ.

ಇದನ್ನೆಲ್ಲ ಕಲಿಯಲು ವಾರ್‌ಹ್ಯಾಮರ್ 40,000 ಎಂಬ ಮಿನಿಯೇಚರ್ ಯುದ್ಧದಾಟದ ಸ್ಪೇಸ್ ಮರೀನ್ ಸೈನಿಕನ ಭುಜದ ಕವಚಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಅಲ್ಟ್ರಾಮರೀನ್ಸ್ ದಳದ ಲಾಂಛನ ತಲೆಕೆಳಗಾದ ಗ್ರೀಕ್ ಅಕ್ಷರ ಒಮೆಗಾ (Ω), ನೀಲಿ ಕವಚದ ಮೇಲೆ ಬಿಳಿ. ಬಾಯಿ ಮೇಲಕ್ಕೆ ತೆರೆದಿರುವ ಆಕಾರ ಅದು. ಆ ತೆರೆದ ಬಾಯಿಯೊಳಗೆ ಬಣ್ಣವಿಲ್ಲ, ಬರೀ ಫಿಲ್ಮ್. ಮೊದಲ ಸೀಳು ಅಲ್ಲಿಯೇ: ಮೇಲಂಚಿನಿಂದ ಶುರುಮಾಡಿ ನಡುವಿನತ್ತ ನೇರ ಗೆರೆ. ಇನ್ನು ಚಿತ್ರದ ಹೊರಗೆ ಎಡಕ್ಕೊಂದು, ಬಲಕ್ಕೊಂದು, ಕೆಳಗೊಂದು ಸಣ್ಣ ಸೀಳು, ಬಿಳಿಯನ್ನು ಮುಟ್ಟದ ಹಾಗೆ. ಸೀಳು ಕೇಂದ್ರದವರೆಗೆ ಹೋಗಬೇಕಿಲ್ಲ, ಒಳಗಿನ ಅರ್ಧ ಭಾಗದಲ್ಲಿ ಮಿಗುವುದು ಅತ್ಯಲ್ಪ. ಕತ್ತರಿಸುವುದು ಒಣಗಿದ್ದಾಗ, ಚಿತ್ರ ಮೇಲ್ಮುಖವಾಗಿ, ಕ್ರಾಫ್ಟ್ ಚಾಕುವಿನ ಹೊಸ, ಚೂಪು ತುದಿಯ ನಂಬರ್ 11 ಬ್ಲೇಡಿನಲ್ಲಿ. ಮೊಂಡಾದ ಬ್ಲೇಡ್ ಫಿಲ್ಮನ್ನು ಕತ್ತರಿಸುವುದಿಲ್ಲ, ಎಳೆದು ಬಿರುಕು ಬಿಡಿಸುತ್ತದೆ.

ಖಾಲಿ ಜಾಗವೇ ಇಲ್ಲದ, ಪೂರ್ತಿ ಬಣ್ಣ ತುಂಬಿದ ರೌಂಡೆಲ್ ಉಬ್ಬಿನ ಮೇಲೆ ಬಂದರೆ? ಇಲ್ಲಿ ಎಲ್ಲರೂ ಹಿಂಜರಿಯುತ್ತಾರೆ, ಆದರೆ ಅದೇ ಸುಲಭ. ನಮ್ಮ ವಾಯುಪಡೆಯ ಗುರುತು ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು, ಒಂದೇ ಕೇಂದ್ರದ ವೃತ್ತಗಳು. ಅಂಚಿನಿಂದ ಕೇಂದ್ರದತ್ತ ನೇರವಾಗಿ ಸೀಳಿದರೆ ಸೀಳಿನ ಎರಡೂ ಬದಿಯಲ್ಲಿ ಕೇಸರಿ ಕೇಸರಿಯ ಎದುರಿಗೇ, ಬಿಳಿ ಬಿಳಿಯ ಎದುರಿಗೇ ಇರುತ್ತದೆ. ಒಂದು ಬದಿ ಇನ್ನೊಂದರ ಮೇಲೆ ಕೂದಲೆಳೆಯಷ್ಟು ಹತ್ತಿ ಕೂತರೂ ಕಣ್ಣಿಗೆ ಬೀಳುವುದಿಲ್ಲ. ಸೀಳು ಸ್ವಲ್ಪ ಓರೆಯಾದರೂ ಬಣ್ಣದ ಗಡಿಗಳು ತಪ್ಪುತ್ತವೆ, ಹಾಗಾಗಿ ಸ್ಕೇಲ್ ಇಟ್ಟೇ ಎಳೆಯಿರಿ.

ಹೀಗೆ ಸುಲಭದ ಸಮ್ಮಿತಿ ಇಲ್ಲದ ಚಿತ್ರಗಳೂ ಇವೆ. ಎರಡನೇ ಮಹಾಯುದ್ಧದ ಪಿ-40 ವಿಮಾನದ ಮೂತಿಯ ಮೇಲೆ ಬಳಿದ ಶಾರ್ಕ್ ಬಾಯಿಯನ್ನೇ ತೆಗೆದುಕೊಳ್ಳಿ. 1941ರಲ್ಲಿ ಉತ್ತರ ಆಫ್ರಿಕಾದಲ್ಲಿ ಬ್ರಿಟನ್ನಿನ 112ನೇ ಸ್ಕ್ವಾಡ್ರನ್ ಬಳಿದದ್ದು, ಆಮೇಲೆ ಬರ್ಮಾ, ಚೀನಾಗಳಲ್ಲಿ ಫ್ಲೈಯಿಂಗ್ ಟೈಗರ್ಸ್ ಎಂಬ ಅಮೆರಿಕನ್ ಸ್ವಯಂಸೇವಕ ಪೈಲಟ್‌ಗಳ ಪಡೆ ಹೆಸರುವಾಸಿ ಮಾಡಿದ್ದು. ಮೂತಿಯ ಕೆಳಗಿನ ರೇಡಿಯೇಟರ್ ದವಡೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಸುಕ್ಕು ಎಲ್ಲೇಳುತ್ತದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಅದಕ್ಕೆ ಡೆಕಾಲ್ ಶೀಟಿನ ಜೆರಾಕ್ಸ್ ತೆಗೆಸಿ, ಮಾಸ್ಕಿಂಗ್ ಟೇಪಿನ ಮೇಲೆ ಆ ಆಕಾರ ಇಳಿಸಿಕೊಂಡು, ಟೇಪನ್ನೇ ಮಾಡೆಲ್ ಮೇಲೆ ಅಂಟಿಸಿ ಉಜ್ಜಿ. ಮಡಿಕೆ ಬಿದ್ದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಟೇಪ್ ಬಿಡಿಸಿ ಚಪ್ಪಟೆ ಮಾಡಿದರೆ ಎಲ್ಲಿ ಸೀಳಬೇಕೆಂಬ ನಕ್ಷೆ ಕೈಯಲ್ಲಿರುತ್ತದೆ. ಸಾಧ್ಯವಾದಷ್ಟೂ ಸೀಳನ್ನು ಹಲ್ಲು ಮತ್ತು ತುಟಿ ಸೇರುವ ಗೆರೆಗೆ ಸರಿಸಿಕೊಳ್ಳಿ, ಅಲ್ಲಿ ಬ್ರಷ್ಷಿನಿಂದ ತಿದ್ದುವುದು ಸಲೀಸು.

ಇಷ್ಟಾದ ಮೇಲೆ ಬಾಟಲಿ. ಕೆಳಗಿನ ಬಣ್ಣ ಗ್ಲಾಸ್ (ಹೊಳಪಿನ) ವಾರ್ನಿಶ್ ಕುಡಿದು ನುಣುಪಾಗಿರಬೇಕು. ಮ್ಯಾಟ್ (ಹೊಳಪಿಲ್ಲದ) ಬಣ್ಣದ ಒರಟಿನಲ್ಲಿ ಗಾಳಿ ಸಿಕ್ಕಿಕೊಂಡರೆ ಫಿಲ್ಮ್ ಬೆಳ್ಳಿಯಂತೆ ಮಿನುಗುತ್ತದೆ, ಆಮೇಲೆ ಯಾವ ಮ್ಯಾಟ್ ಕೋಟ್ ಕೊಟ್ಟರೂ ಅದು ಮರೆಯಾಗದು. ಡೆಕಾಲ್ ನೆನೆಸಲು ಬೆಂಗಳೂರಿನ ಬೋರ್‌ವೆಲ್ ನೀರು ಬೇಡ, ಒಣಗಿದಾಗ ಸುಣ್ಣದ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು, ತುಸು ಬೆಚ್ಚಗಿರಲಿ. ಕಾಗದದ ಮೇಲೆ ಡೆಕಾಲ್ ತಾನಾಗಿ ಜಾರುವ ತನಕ ಕಾಯಬೇಕು, ಉಗುರಿನಿಂದ ಎಬ್ಬಿಸಬಾರದು. ಜಾಗಕ್ಕೆ ಮೈಕ್ರೋ ಸೆಟ್ (ಡೆಕಾಲ್ ಕೂರಿಸುವ ಮೊದಲು ಹಚ್ಚುವ, ವಿನೆಗರ್ ವಾಸನೆಯ ದ್ರಾವಣ) ಸವರಿ, ಡೆಕಾಲನ್ನು ಜಾರಿಸಿ ನಡುವನ್ನು ಮೊದಲು ಕೂರಿಸಿ. ಒದ್ದೆ ಹತ್ತಿಕಡ್ಡಿಯನ್ನು ನಡುವಿನಿಂದ ಅಂಚಿನತ್ತ ಉರುಳಿಸಬೇಕು, ಎಳೆಯಬಾರದು. ಸೀಳಿನ ಎಸಳುಗಳು ಒಂದೊಂದಾಗಿ ಕೂರುತ್ತವೆ.

ಆಮೇಲೆ ಮೈಕ್ರೋ ಸಾಲ್, ಬ್ರಷ್ಷಿನ ತುದಿಯಲ್ಲಿ ಹಗುರವಾಗಿ. ಸ್ವಲ್ಪ ಹೊತ್ತಿಗೆ ಡೆಕಾಲ್ ಮೈಯೆಲ್ಲ ಮುದುಡಿ, ಎಲ್ಲ ಹಾಳಾಯಿತು ಅನ್ನಿಸುವಂತೆ ಕಾಣುತ್ತದೆ. ದಯವಿಟ್ಟು ಮುಟ್ಟಬೇಡಿ. ಆ ಹೊತ್ತಿನಲ್ಲಿ ಫಿಲ್ಮ್ ಕರಗುವಷ್ಟು ಮೆತ್ತಗಾಗಿರುತ್ತದೆ, ಬೆರಳು ತಾಗಿದರೆ ಬಣ್ಣ ಸಮೇತ ಕಿತ್ತು ಬರುತ್ತದೆ. ಫ್ಯಾನ್ ಆರಿಸಿ ಅದರ ಪಾಡಿಗೆ ಬಿಟ್ಟರೆ ತಾನೇ ಬಿಗಿದುಕೊಂಡು ಕೆಳಗಿನ ರಿವೆಟ್, ಪ್ಯಾನೆಲ್ ಗೆರೆಗಳ ಮೇಲೆ ಇಳಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದಕ್ಕೆ ಇನ್ನಷ್ಟು ತಾಳ್ಮೆ ಬೇಕು.

ಪೂರ್ತಿ ಒಣಗಿದ ಮೇಲೂ ಎಲ್ಲಾದರೂ ಗುಳ್ಳೆ ಉಳಿದಿದ್ದರೆ ಸಣ್ಣ ಸೂಜಿಯಿಂದ ಚುಚ್ಚಿ, ಅಲ್ಲಿಗಷ್ಟೇ ಇನ್ನೊಂದು ಹನಿ ಕೊಡಿ. ಇನ್ನೂ ಸ್ಟ್ರಾಂಗ್ ಸಾಫ್ಟ್‌ನರ್ ತೆಗೆಯುವುದು ದಪ್ಪ ಫಿಲ್ಮಿನ ಹಳೆಯ ಡೆಕಾಲ್‌ಗಳಿಗೆ ಮಾತ್ರ. ಅದೂ ಬೇಡದ ಡೆಕಾಲ್ ತುಂಡೊಂದನ್ನು ಅದೇ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಚೂರಿನ ಮೇಲೆ ಕೂರಿಸಿ ಪರೀಕ್ಷಿಸಿದ ಮೇಲೆ, ಏಕೆಂದರೆ ಕೆಲವು ದ್ರಾವಣಗಳು ಕೆಳಗಿನ ಅಕ್ರಿಲಿಕ್ ಬಣ್ಣವನ್ನೂ ಕಚ್ಚುತ್ತವೆ. ಒಂದು ರಾತ್ರಿ ಬಿಟ್ಟು, ಸುತ್ತ ಉಳಿದ ಅಂಟಿನ ಕಲೆಯನ್ನು ಒದ್ದೆ ಹತ್ತಿಯಿಂದ ಒರೆಸಿ, ಮತ್ತೊಂದು ತೆಳು ಗ್ಲಾಸ್ ಕೋಟ್ ಕೊಟ್ಟು ಅಂಚಿನ ಮೆಟ್ಟಿಲನ್ನು ಮುಚ್ಚಿ. ಮ್ಯಾಟ್ ವಾರ್ನಿಶ್ ಹೊಡೆಯುವುದು ಅದಾದ ಮೇಲೆಯೇ.