ಶುಂಠಿ ರಸದಿಂದ ಹಾಲು ಹೆಪ್ಪುಗಟ್ಟುವ ಬಗೆ: ಜಿಯಾಂಗ್ ಜುವಾಂಗ್ ನಾಯ್

ಹಸಿಶುಂಠಿ ಜಜ್ಜಿ ನೇರವಾಗಿ ಹಾಲಿಗೆ ಹಾಕಿದರೆ ಚಹಾ ಒಡೆದುಹೋಗುವುದು ನಮಗೆಲ್ಲ ಗೊತ್ತು. ಅದಕ್ಕೇ ಶುಂಠಿಯನ್ನು ಮೊದಲು ನೀರಿನಲ್ಲಿ ಕುದಿಸಿ, ಆಮೇಲೆ ಹಾಲು ಸೇರಿಸುತ್ತೇವೆ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದವರು ಹಾಲು ಒಡೆಸುವ ಈ ಗುಣವನ್ನೇ ಬಳಸಿಕೊಂಡು ಒಂದು ಸಿಹಿ ಮಾಡುತ್ತಾರೆ. ಹೆಸರು ಜಿಯಾಂಗ್ ಜುವಾಂಗ್ ನಾಯ್, ಅಂದರೆ ಶುಂಠಿಗೆ ಹಾಲು ಡಿಕ್ಕಿ ಹೊಡೆಯುವುದು. ಗುವಾಂಗ್‌ಝೌ ನಗರದ ಪಾನ್ಯು ಜಿಲ್ಲೆಯ ಶಾವಾನ್ ಎಂಬ ಊರು ಇದಕ್ಕೆ ಹೆಸರುವಾಸಿ. ಚೀನಾದ ಹಳೆಯ ಅಡುಗೆಯಲ್ಲಿ ಹಾಲಿನ ಬಳಕೆ ಕಡಿಮೆ, ಆದರೆ ಪರ್ಲ್ ನದಿಯ ಮುಖಜ ಭೂಮಿಯಲ್ಲಿ ಎಮ್ಮೆ ಸಾಕುತ್ತಿದ್ದುದರಿಂದ ಇಲ್ಲಿ ಹಾಲಿನ ಸಿಹಿಗಳು ಬೆಳೆದವು.

ಮೊದಲು ಕಾರಣ ತಿಳಿದುಕೊಳ್ಳೋಣ, ಅದು ತಿಳಿದರೆ ಅಳತೆ ತಾನಾಗಿ ನೆನಪಿರುತ್ತದೆ. ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನು ಕಣ್ಣಿಗೆ ಕಾಣದ ಉಂಡೆಗಳಾಗಿ ತೇಲುತ್ತಿರುತ್ತದೆ. ಪ್ರತಿ ಉಂಡೆಯ ಹೊರಮೈಯಲ್ಲಿ ಕಪ್ಪಾ ಕೇಸೀನ್ ಕೂದಲಿನಂತೆ ಚಾಚಿಕೊಂಡು, ಉಂಡೆಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಹಸಿಶುಂಠಿಯಲ್ಲಿರುವ ಜಿಂಜಿಬೈನ್ ಎಂಬ ಕಿಣ್ವ ಆ ಕೂದಲನ್ನು ಕತ್ತರಿಸಿಬಿಡುತ್ತದೆ. ಆಗ ಉಂಡೆಗಳು ಅಂಟಿಕೊಂಡು ಬಲೆಯಾಗಿ, ನೀರನ್ನು ಒಳಗೇ ಹಿಡಿದಿಡುತ್ತವೆ. ಮೊಸರಿನಲ್ಲಿ ಹೆಪ್ಪು ಕಟ್ಟಿಸುವುದು ಹುಳಿ, ಇಲ್ಲಿ ಹುಳಿಯ ಸುಳಿವೇ ಇಲ್ಲ. ನೋಡಲು ನಮ್ಮ ಗಿಣ್ಣಿನಂತಿದ್ದರೂ ಅದೂ ಬೇರೆ: ಈದ ಹಸುವಿನ ಮೊದಲ ಹಾಲು ಬರೀ ಕಾವಿಗೇ ಗಟ್ಟಿಯಾಗುತ್ತದೆ.

ಈ ಕಿಣ್ವ ಚುರುಕಾಗಿರುವುದು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ. 70 ದಾಟಿದರೆ ಬೇಗ ಸಾಯುತ್ತದೆ. ನಾನು ಮೊದಲ ಸಲ ಕುದಿಯುವ ಹಾಲನ್ನೇ ಸುರಿದು ಅರ್ಧ ಗಂಟೆ ಕಾದೆ. ಬಟ್ಟಲು ಓರೆ ಮಾಡಿದರೆ ಹಾಲು ಹಾಲಾಗಿಯೇ ಹರಿಯಿತು.

ಒಂದು ಬಟ್ಟಲಿಗೆ 200 ಮಿಲಿ ಗಟ್ಟಿ ಹಾಲು (ಎಮ್ಮೆಯದಾದರೆ ಬಹಳ ಒಳ್ಳೆಯದು), ಒಂದು ದೊಡ್ಡ ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಶುಂಠಿ ರಸ. ಬಲಿತ, ನಾರು ತುಂಬಿದ ಶುಂಠಿಯೇ ಬೇಕು. ಒಣಶುಂಠಿ ಪುಡಿ ನಡೆಯದು. ಹಾಲಿಗೆ ಸಕ್ಕರೆ ಹಾಕಿ, ಅಂಚಿನಲ್ಲಿ ಸಣ್ಣ ಗುಳ್ಳೆ ಬರುವವರೆಗೆ ಕಾಯಿಸಿ ಇಳಿಸಿ. ಅದು ಆರುತ್ತಿರುವಾಗಲೇ ಶುಂಠಿ ತುರಿದು, ಬಟ್ಟೆಯಲ್ಲಿ ಕಟ್ಟಿ ರಸವನ್ನು ಬಟ್ಟಲಿಗೆ ಹಿಂಡಿ. ರಸ ಮೊದಲೇ ತೆಗೆದಿಟ್ಟರೆ ಕಿಣ್ವದ ಬಲ ಕುಂದುತ್ತದೆ. ಬಟ್ಟಲ ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ, ಹಾಲು ಸುರಿಯುವ ಮುಂಚೆ ರಸವನ್ನು ಒಮ್ಮೆ ಕಲಕಿ.

ಹಾಲು 70 ಡಿಗ್ರಿಗೆ ಇಳಿದಾಗ ಒಂದು ಗೇಣು ಎತ್ತರದಿಂದ ಒಂದೇ ಧಾರೆಯಾಗಿ ರಸದ ಮೇಲೆ ಸುರಿಯಿರಿ. ತಣ್ಣನೆಯ ರಸ, ಬಟ್ಟಲು ಸೇರಿ ಕಾವು ಸುಮಾರು 65ಕ್ಕೆ ಬರುತ್ತದೆ. ಸುರಿದ ರಭಸಕ್ಕೇ ಎರಡೂ ಬೆರೆಯುತ್ತವೆ, ಹಾಗಾಗಿ ಚಮಚ ಆಡಿಸಬೇಡಿ. ಕಟ್ಟುತ್ತಿರುವ ಬಲೆ ಹರಿದರೆ ಮತ್ತೆ ಕೂಡುವುದಿಲ್ಲ. ಮುಚ್ಚಿ, ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ಆಮೇಲೆ ಚಿಕ್ಕ ಚಮಚವೊಂದನ್ನು ಮೆಲ್ಲಗೆ ಮೇಲಿಡಿ: ಮುಳುಗದೆ ನಿಂತರೆ ಸರಿಯಾಗಿದೆ.

ಬಿಸಿ ಇರುವಾಗಲೇ ತಿನ್ನಿ. ನಾಲಿಗೆಗೆ ಮೊದಲು ಹಾಲಿನ ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಖಾರ. ನಾಳೆಗೆಂದು ಎತ್ತಿಡಬೇಡಿ, ಕಿಣ್ವ ಪ್ರೋಟೀನನ್ನು ಕತ್ತರಿಸುತ್ತಲೇ ಹೋಗಿ ಕಹಿ ಬರುತ್ತದೆ.