ರೆಡ್ ಬೋಲ್: ಕಪ್ಪು ಬಂಡೆಗಳ ನಡುವಿನ ಕೆಂಪು ಪಟ್ಟಿ

ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ರಸ್ತೆಗಾಗಿ ಗುಡ್ಡ ಕಡಿದಿರುವ ಕಡೆ, ಕಪ್ಪು ಬಂಡೆಯ ನಡುವೆ ಕೆಂಪು ಪಟ್ಟಿಯೊಂದು ಅಡ್ಡಲಾಗಿ ಹಾದುಹೋಗಿರುವುದು ಕಾಣಿಸುತ್ತದೆ. ಅದೇ ರೆಡ್ ಬೋಲ್. ಕೆಲವೆಡೆ ಬರೀ ಕೆಲವು ಸೆಂಟಿಮೀಟರ್ ದಪ್ಪ, ಕೆಲವೆಡೆ ಮೀಟರಿಗೂ ಜಾಸ್ತಿ.

ಮೇಲೆ ಕೆಳಗೆ ಇರುವ ಕಪ್ಪು ಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಆರಿ ಆದದ್ದು. ಹೀಗೆ ಪದರದ ಮೇಲೆ ಪದರ ಕೂತ ಈ ರಾಶಿಗೆ ಡೆಕ್ಕನ್ ಟ್ರ್ಯಾಪ್ಸ್ ಎಂದು ಹೆಸರು. ಇಷ್ಟು ಸವೆದ ಮೇಲೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಗೂ ಅದರ ಅಂಚು ಚಾಚಿದೆ.

ಇಷ್ಟೆಲ್ಲ ಲಾವಾ ಒಂದೇ ಸಲ ಬಂದಿತೇ? ಇಲ್ಲ. ಅದನ್ನು ಹೇಳುವುದೇ ಈ ಕೆಂಪು ಪಟ್ಟಿ. ಒಂದು ಹರಿವು ಆರಿದ ಮೇಲೆ ಎಷ್ಟೋ ಕಾಲ ಬಿಡುವು ಸಿಗುತ್ತಿತ್ತು. ಆಗ ಮಳೆ, ಗಾಳಿಗೆ ಕಲ್ಲಿನ ಮೇಲ್ಮೈ ಶಿಥಿಲವಾಗಿ ಜೇಡಿಮಣ್ಣಾಯಿತು. ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಯಿತು. ಕೆಲವು ಸಲ ಜ್ವಾಲಾಮುಖಿಯ ಬೂದಿಯೂ ಬಂದು ಬಿತ್ತು. ಮುಂದಿನ ಲಾವಾ ಅದರ ಮೇಲೆಯೇ ಹರಿದು, ಮಣ್ಣಿನ ಮೇಲ್ಭಾಗವನ್ನು ಇಟ್ಟಿಗೆಯಂತೆ ಸುಟ್ಟಿತು. ಬೆಟ್ಟದಲ್ಲಿ ದಪ್ಪ ಬಂಡೆಗೆ ಕಣ್ಣು ಹೋಗುವುದು ಸಹಜ, ಅಲ್ವಾ? ಆದರೆ ಕಾಲ ಹೆಚ್ಚಾಗಿ ಕಳೆದಿರುವುದು ಈ ತೆಳು ಪಟ್ಟಿಗಳಲ್ಲಿ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಬಸಾಲ್ಟಿನಲ್ಲಿ ಜಿರ್ಕಾನ್ ಹರಳು ಸಿಗುವುದು ಅಪರೂಪ. ಕೆಲವು ರೆಡ್ ಬೋಲ್‌ಗಳಲ್ಲಿ ಉಳಿದ ಬೂದಿಯಲ್ಲಿ ಅದು ಸಿಕ್ಕಿತು. ಜಿರ್ಕಾನ್‌ನೊಳಗಿನ ಯುರೇನಿಯಂ ನಿಧಾನವಾಗಿ, ಗೊತ್ತಾದ ವೇಗದಲ್ಲಿ ಸೀಸವಾಗುತ್ತದೆ. ಎರಡನ್ನೂ ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ಸಹ್ಯಾದ್ರಿಯ ಲಾವಾದ ಬಹುಪಾಲು ಸುಮಾರು 10 ಲಕ್ಷ ವರ್ಷಗಳೊಳಗೆ ಹೊರಬಂತು, ಡೈನೋಸಾರ್‌ಗಳು ಅಳಿದದ್ದೂ ಅದೇ ಅವಧಿಯಲ್ಲಿ ಎಂಬುದು ಹೀಗೆ ಗಟ್ಟಿಯಾಯಿತು.

ಘಟ್ಟ ಈಗಿನ ರೂಪ ಪಡೆದದ್ದು ಆಮೇಲೆ. ಮಳೆ ನೀರು ಕೊರೆಯುವಾಗ ಗಟ್ಟಿ ಬಸಾಲ್ಟ್ ನಿಂತಿತು, ಮೆತ್ತನೆಯ ಪದರ ಬೇಗ ಸವೆಯಿತು. ಬೆಟ್ಟದ ಮೈಯಲ್ಲಿ ಮೆಟ್ಟಿಲು ಮೂಡಿದ್ದು ಹೀಗೆ. ರೆಡ್ ಬೋಲ್‌ನ ಜೇಡಿ ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹಾಗಾಗಿ ಎಷ್ಟೋ ಕಡೆ ಅದರ ಮೇಲಂಚಿನಲ್ಲೇ ಒರತೆ ಒಡೆಯುತ್ತದೆ. ಸುರಂಗ ಕೊರೆಯುವವರಿಗೆ ಮಾತ್ರ ಇದು ತಲೆನೋವು: ನೀರು ತಾಗಿದರೆ ಉಬ್ಬುತ್ತದೆ, ಗಾಳಿಗೆ ತೆರೆದಿಟ್ಟರೆ ಪುಡಿಯಾಗಿ ಉದುರುತ್ತದೆ.